ಐ-ಐ ಇರುವ ಪುಟ

ಮಡಗಾಸ್ಕರದ ಪೂರ್ವ ಕರಾವಳಿಯ ಆ ಊರಿನಲ್ಲಿ ಸೋವಾವಿ ಟೀಚರ್ ಬಳಿ ಕಾಡುಪ್ರಾಣಿಗಳ ಪುಸ್ತಕವೊಂದಿತ್ತು. ಅದರಲ್ಲಿ ಒಂದು ಪುಟ ಬಂದರೆ ಸಾಕು, ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಅದು ಐ-ಐ ಎಂಬ ಪ್ರಾಣಿಯದು. ಬಾವಲಿಯ ಕಿವಿ, ಇಲಿಯ ಹಲ್ಲು, ಕಡ್ಡಿಯಂಥ ಉದ್ದನೆಯ ನಡುಬೆರಳು. ಆ ಬೆರಳನ್ನು ಅದು ಯಾರತ್ತ ತೋರಿಸುತ್ತದೋ ಅವರು ಸಾಯುತ್ತಾರೆ ಎಂದು ಊರಿಗೆ ಊರೇ ನಂಬಿತ್ತು. ಕಂಡವರು ಹಿರಿಯರಿಗೆ ಹೇಳಬೇಕು, ಹಿರಿಯರು ಕೊಲ್ಲಿಸಬೇಕು, ಹೆಣವನ್ನು ಕವಲುದಾರಿಯ ಕಂಬಕ್ಕೆ ಕಟ್ಟಬೇಕು. ಹಾದುಹೋಗುವ ಪರಊರಿನವರು ಕೇಡನ್ನು ಹೊತ್ತುಕೊಂಡು ಹೋಗಲಿ ಅಂತ. ಪರಊರಿನವರು ಮಾಡಿದ ಪಾಪವೇನು ಎಂದು ಕೇಳಿದವರಿಲ್ಲ.

ಸೋವಾವಿ ಛಲ ಬಿಡದೆ ಆ ಪುಟವನ್ನೇ ಓದಿದಳು. "ಇದು ರಾತ್ರಿ ಎದ್ದು ಕೊಂಬೆಯನ್ನು ಬೆರಳಿನಿಂದ ತಟ್ಟುತ್ತದೆ. ಒಳಗೆ ಹುಳು ಇದೆಯೇ ಎಂದು ಕಿವಿಗೊಡುತ್ತದೆ. ಮರ ಕೊರೆದು, ಅದೇ ಬೆರಳಿನಿಂದ ಹುಳುವನ್ನು ಎಳೆದು ತಿನ್ನುತ್ತದೆ." ಮಕ್ಕಳು ಬೆಂಚು ತಟ್ಟಿ ಕಿವಿಯಿಟ್ಟು ಕೇಳುವ ಆಟ ಕಲಿತವು. ಭಯ ಹೋಯಿತು ಎಂದುಕೊಂಡಳು, ಪಾಪ.

ಒಂದು ಬೆಳಿಗ್ಗೆ ಪುಟ್ಟ ವೊಲಾ ಏದುಸಿರು ಬಿಡುತ್ತ ಬಂದಳು.

"ಟೀಚರ್, ರಾತ್ರಿ ನಮ್ಮನೆ ಹಿಂದಿನ ಲವಂಗದ ಮರದಲ್ಲಿ ಅದನ್ನ ನೋಡ್ದೆ! ಪುಸ್ತಕದಲ್ಲಿರೋ ಹಂಗೇ ಟಕ್ ಟಕ್ ಅಂತಿತ್ತು!"

"ಹೆದರ್ಕೊಂಡ್ಯಾ?"

"ಇಲ್ಲಪ್ಪ. ಹುಳ ಸಿಗುತ್ತಾ ಅಂತ ನೋಡ್ತಾ ಕೂತಿದ್ದೆ."

ಸೋವಾವಿಗೆ ಹಿಗ್ಗೋ ಹಿಗ್ಗು. "ಮನೇಲಿ ಹೇಳ್ಬೇಡ ಕಣೇ, ಕೊಂದುಬಿಡ್ತಾರೆ."

ಅದೇ ವಾರ ವೊಲಾಳ ಅಜ್ಜಿ ಚಳಿಜ್ವರದಲ್ಲಿ ತೀರಿಕೊಂಡಳು. ಮಳೆಗಾಲದಲ್ಲಿ ಆ ಜ್ವರ ಅಲ್ಲಿ ಯಾರನ್ನು ಬಿಟ್ಟಿದೆ? ಆದರೆ ಗಂಡಸರಿಗೆ ಲವಂಗದ ಮರದಲ್ಲಿ ಹಲ್ಲಿನ ಗುರುತು ಕಂಡಿತು, ಗೂಡಿನಲ್ಲಿ ಮಲಗಿದ್ದ ಪ್ರಾಣಿಯೂ ಸಿಕ್ಕಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಹಾಗೆ ಸೊಳ್ಳೆ ಮಾಡಿದ ಕೆಲಸಕ್ಕೆ ಅದರ ಜೀವ ಹೋಯಿತು.

ಸಾವಿನ ಮನೆಯ ಅಂಗಳದಲ್ಲಿ ಊರ ಹಿರಿಯ ಬೊತೋಝಾ ಎದ್ದು ನಿಂತ.

"ಯಾರೋ ಇದನ್ನ ನೋಡಿಯೂ ಬಾಯ್ ಮುಚ್ಕೊಂಡಿದ್ದಾರೆ. ಯಾರದು?"

ವೊಲಾ ಟೀಚರ್ ಕಡೆ ತಿರುಗಿದಳು. ಈ ಮಗು ಈಗ ಬಾಯಿಬಿಟ್ಟರೆ ಬದುಕಿರುವ ತನಕ ಅಜ್ಜಿಯನ್ನು ಕೊಂದವಳು ಅನ್ನಿಸಿಕೊಳ್ಳುತ್ತದೆ. ಸೋವಾವಿ ಎದ್ದಳು.

"ನಾನೇ, ತಾತ. ನಾನೇ ನೋಡಿದ್ದು."

"ಓದಿದೋಳಲ್ವಾ ನೀನು? ಹಂಗಾದ್ರೆ ಎಲ್ರಿಗೂ ಕೇಳೋ ಹಂಗೆ ಹೇಳು. ಅಜ್ಜಿ ಯಾಕೆ ಸತ್ಲು?"

ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದವು. ಜ್ವರದಿಂದ ಎಂದರೆ ಮುದುಕ ಬಿಡುವವನಲ್ಲ, ಇನ್ನಷ್ಟು ಕೆದಕುತ್ತಾನೆ, ಮಗು ಸಿಕ್ಕಿಬೀಳುತ್ತದೆ.

"ಅದು ಬೆರಳು ತೋರಿಸ್ತು. ನಾನು ಹೇಳ್ಲಿಲ್ಲ. ಅದಕ್ಕೇ ಸತ್ಲು," ಎಂದಳು.

ಊರವರು ಅವಳೊಂದಿಗೆ ಮಾತು ಬಿಟ್ಟರು. ಮಕ್ಕಳನ್ನು ಮಾತ್ರ ಶಾಲೆ ಬಿಡಿಸಲಿಲ್ಲ. ಬೇರೆ ಟೀಚರ್ ಎಲ್ಲಿದ್ದರು? ತರಗತಿಯಲ್ಲಿ ಆ ಪುಟ ತೆರೆದಾಗ ವೊಲಾ ಎದ್ದು ಬಂದು ಚಿತ್ರದ ಮೇಲೆ ಅಂಗೈ ಇಟ್ಟಳು.

"ಬೇಡ ಟೀಚರ್. ನೀವೇ ಹೇಳಿದ್ರಲ್ಲ, ಅದು ಬೆರಳು ತೋರಿಸಿದ್ದಕ್ಕೇ ಅಜ್ಜಿ ಸತ್ಲು ಅಂತ." ಆಮೇಲೆ ಕಿವಿಯ ಹತ್ತಿರ ಬಂದು, "ನೋಡಿದ್ದು ನಾನು ಅಂತ ನೀವು ಯಾರಿಗೂ ಹೇಳಲ್ಲ ಅಲ್ವಾ? ಅಜ್ಜೀನ ನಾನು ಸಾಯಿಸ್ದೆ ಅಂತ?"

ಸೋವಾವಿಯ ಎದೆ ಒಡೆದುಹೋಯಿತು. ಅಲ್ಲ ಕಣೇ ಎಂದು ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಮಗು ಅಂಗೈ ತೆಗೆಯಲಿಲ್ಲ. ಕೊನೆಗೆ ಸೋವಾವಿಯೇ ಪುಟ ಮಗುಚಿ ಮೊಸಳೆಯ ಪಾಠ ಶುರುಮಾಡಿದಳು.