ಮುಂದೆ ಹಾಸಿದ ಚಾಪೆ

ಕೋಪ ಬಂದರೆ ನಿಗಾರ್ ಬಾಯಲ್ಲಿ ಕನ್ನಡ ಬರುತ್ತಿತ್ತು. ಮನೆಯಲ್ಲಿ ಗಂಡ ಹನೀಫನ ಜೊತೆ ದಿನದ ಮಾತೆಲ್ಲ ಉರ್ದು, ಕ್ಯಾಲಿಫೋರ್ನಿಯಾದ ಪೊವೇಯಲ್ಲಿ ತಾನು ಓಡಿಸುವ ಸ್ಕೂಲ್ ಬಸ್ಸಿನಲ್ಲಿ ಇಂಗ್ಲಿಷ್, ಜಗಳಕ್ಕೆ ಮಾತ್ರ ಮೈಸೂರು ಮಂಡಿ ಮೊಹಲ್ಲಾದ ಕನ್ನಡ. ಉರ್ದುವಿನಲ್ಲಿ ಬೈದರೆ ಮರ್ಯಾದೆಯಲ್ಲೇ ಅರ್ಧ ಕೋಪ ಇಳಿದುಹೋಗುತ್ತೆ, ಬೈದ ಹಾಗೇ ಆಗೋದಿಲ್ಲ ಅಂತ ಅವಳ ವಾದ. ಅವಳಪ್ಪ ಟಾಂಗಾ ಹೊಡೆಯುತ್ತಿದ್ದವರು. ಮಾರ್ಕೆಟ್ಟಿನ ಮುಂದೆ ಸವಾರಿಗಾಗಿ ಬೇರೆ ಗಾಡಿಯವರ ಜೊತೆ ಅವರು ಆಡುತ್ತಿದ್ದ ಮಾತುಗಳನ್ನು ಕೇಳಿಕೊಂಡು ಬೆಳೆದ ಹುಡುಗಿಗೆ ಇನ್ಯಾವ ಭಾಷೆಯಲ್ಲಿ ಜಗಳ ಬರಬೇಕು ಹೇಳಿ.

ಹನೀಫ್ ತದ್ವಿರುದ್ಧ. ಮೆತ್ತನೆಯ ಮನುಷ್ಯ. ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ ಫ್ರಿಜ್ ರಿಪೇರಿಯ ಅಂಗಡಿ ಇಟ್ಟಿದ್ದ. ಕಾರ್ಲ್ಸ್‌ಬಾಡ್‌ನ ಔಷಧಿ ಕಂಪನಿಗಳ ಆಳೆತ್ತರದ ಫ್ರೀಜರ್‌ಗಳು ಕೆಟ್ಟರೆ ಇವನಿಗೇ ಫೋನು. ಎರಡು ಸಾವಿರದ ಒಂದರ ಸೆಪ್ಟೆಂಬರ್ ಕಳೆದ ಮೇಲೆ ಅಂಗಡಿಯ ಬೋರ್ಡಿನಲ್ಲಿದ್ದ ‘ಹನೀಫ್’ ಹೋಗಿ ‘ಹ್ಯಾನ್’ ಬಂದ. ಅಂಗಿಯ ಜೇಬಿನ ಮೇಲೂ ಹ್ಯಾನ್ ಅಂತಲೇ ಹೊಲಿಸಿಕೊಂಡ. ಗಿರಾಕಿಗಳಿಗೆ ಕರೆಯೋಕೆ ಸಲೀಸು ಅಂದ. ಹದಿನೈದು ವರ್ಷ ಅದೇ ಗಿರಾಕಿಗಳು ಹನೀಫ್ ಅಂತ ಸಲೀಸಾಗಿಯೇ ಕರೆದಿದ್ದರಲ್ಲ ಅಂತ ನಿಗಾರ್ ಕೇಳಿದಳು.

ಅದನ್ನಾದರೂ ಅವಳು ನುಂಗಿಕೊಂಡಳು. ನುಂಗಲಾಗದ್ದು ಸಮುದ್ರದ ವಿಷಯ. ಪ್ರತಿ ಭಾನುವಾರ ಸಂಜೆ ಕಾರ್ಲ್ಸ್‌ಬಾಡ್ ಬೀಚಿನಲ್ಲಿ ಮೈಸೂರು, ಬೆಂಗಳೂರಿನ ಐದಾರು ಮನೆಯವರು ಸೇರುತ್ತಿದ್ದರು. ಮಕ್ಕಳು ನೀರಿಗಿಳಿಯೋದು, ಹೆಂಗಸರು ಡಬ್ಬಿ ಬಿಚ್ಚೋದು, ಸೂರ್ಯ ಮುಳುಗಿದೊಡನೆ ಮರಳಿನ ಮೇಲೇ ನಮಾಜು. ಹನೀಫ್ ಎದ್ದು ಕಿವಿಗೆ ಕೈಯಿಟ್ಟು ಅಜಾನ್ ಕೊಡುತ್ತಿದ್ದ. ಬಾಕಿ ಎಲ್ಲದರಲ್ಲೂ ಮೆತ್ತಗಿನ ಮನುಷ್ಯನಿಗೆ ಎಲ್ಲಿತ್ತೋ ಆ ಗಂಟಲು. ಅಲೆಯ ಸದ್ದನ್ನೂ ದಾಟಿ ಕೇಳಿಸುತ್ತಿತ್ತು. ಆಮೇಲೆ ಅವನ ಚಾಪೆ ಮುಂದೆ, ಉಳಿದವರದ್ದು ಹಿಂದೆ. ಗಂಡ ಹೆಂಡತಿ ಇಬ್ಬರೇ ಇದ್ದರೂ ಅದೇ ಕ್ರಮ, ಅವನು ಮುಂದೆ ನಿಲ್ಲಬೇಕು, ಅವಳು ಹಿಂದೆ. ಬೇರೆ ಯಾವ ವಿಷಯದಲ್ಲೂ ಗಂಡನನ್ನು ಮುಂದೆ ಬಿಡದ ನಿಗಾರ್‌ಗೆ ಆ ಹತ್ತು ನಿಮಿಷ ಅವನ ಬೆನ್ನು ನೋಡಿಕೊಂಡು ನಿಲ್ಲುವುದೆಂದರೆ ಏನೋ ಸುಖ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಬೀಚಿನಲ್ಲಿದ್ದ ಯಾರೋ ಪುಣ್ಯಾತ್ಮರು ಪೊಲೀಸರಿಗೆ ಫೋನ್ ಮಾಡಿದರು. ಬಂದ ಇಬ್ಬರು ಸಭ್ಯರೇ. ಸರ್, ಮ್ಯಾಡಮ್ ಅಂತಲೇ ಒಂದು ಗಂಟೆ ಪ್ರಶ್ನೆ ಕೇಳಿದರು. ಊರು ಯಾವುದು, ಕೆಲಸ ಏನು, ಕೂಗಿದ್ದೇನು, ಅದರ ಅರ್ಥವೇನು. ಮಕ್ಕಳು ಒದ್ದೆ ಬಟ್ಟೆಯಲ್ಲಿ ನಡುಗಿಕೊಂಡು ನೋಡುತ್ತಿದ್ದವು. ಕಡೆಗೆ ಥ್ಯಾಂಕ್ಯೂ ಹೇಳಿ ಹೋದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಮುಂದಿನ ಭಾನುವಾರ ಯಾರೂ ಬರಲಿಲ್ಲ. ಹನೀಫ್ ಅವತ್ತಿನಿಂದ ಮನೆಯ ಹಿಂದಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಮಾಜು ಮಾಡತೊಡಗಿದ, ತುಟಿಯೂ ಅಲ್ಲಾಡದ ಹಾಗೆ. ಕಳ್ಳತನ ಮಾಡುವವನೂ ಇಷ್ಟು ಮೆತ್ತಗೆ ಮಾಡಲಾರ.

ಎರಡು ವರ್ಷ ನಿಗಾರ್ ಹೇಳಿದಳು, ಬೈದಳು, ಒಂದು ವಾರ ಮಾತು ಬಿಟ್ಟಳು. ಅವಳಿಗೆ ಬೇಕಾಗಿದ್ದುದು ಒಂದೇ, ಗಂಡ ಮತ್ತೆ ಬಯಲಲ್ಲಿ ತನ್ನ ಮುಂದೆ ನಿಲ್ಲಬೇಕು. ಅವನು ಜಪ್ಪಯ್ಯ ಅನ್ನಲಿಲ್ಲ. ಪ್ರಯಾಣದಲ್ಲಿರುವವರಿಗೆ, ಭಯದಲ್ಲಿರುವವರಿಗೆ ನಮಾಜನ್ನು ಮೊಟಕು ಮಾಡೋ ಅವಕಾಶ ದೇವರೇ ಕೊಟ್ಟಿದ್ದಾನೆ ಅಂತ ಒಂದು ದಿನ ಧರ್ಮಶಾಸ್ತ್ರ ತೆಗೆದ.

“ಮೊಟಕು ಮಾಡಿ ಅಂದಿದ್ದಾನೆ ರೀ,” ಅಂದಳು ನಿಗಾರ್, ಶುದ್ಧ ಕನ್ನಡದಲ್ಲಿ. “ಬಚ್ಚಿಡಿ ಅಂತ ಎಲ್ಲಿ ಅಂದಿದ್ದಾನೆ, ತೋರಿಸಿ.”

ಮಗಳು ನೂರೈನ್ ಲಾ ಹೋಯಾದಲ್ಲಿ ಸಮುದ್ರದ ವಿಷಯವೇ ಓದುತ್ತಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ಎರಡು ಸಾವಿರದ ನಾಲ್ಕರ ವಸಂತದಲ್ಲಿ ಅವಳು ಊಟದ ಟೇಬಲ್ ಮೇಲೆ ಅಲಾಸ್ಕಾದ ಮ್ಯಾಪ್ ಹರಡಿಕೊಂಡು ಏನೋ ಗುರುತು ಹಾಕುತ್ತಿದ್ದಾಗ ನಿಗಾರ್ ಬಗ್ಗಿ ನೋಡಿದಳು. ಒಂದೇ ಒಂದು ರಸ್ತೆ ಬಡಗಣಕ್ಕೆ ಹೋಗಿ ಹೋಗಿ ಸಮುದ್ರದ ಹತ್ತಿರ ಮುಗಿದಿತ್ತು. ಅಲ್ಲಿ ಯಾರಿರುತ್ತಾರೆ ಅಂತ ಕೇಳಿದಳು. ಎಣ್ಣೆ ಬಾವಿಯ ಕೆಲಸಗಾರರು ಬಿಟ್ಟರೆ ಯಾರೂ ಇಲ್ಲ ಅಂತ ಮಗಳು. ಅಲ್ಲಿಂದ ಮಕ್ಕಾ ಯಾವ ದಿಕ್ಕಿಗೆ? ನೂರೈನ್ ಪೆನ್ನು ತಿರುಗಿಸುತ್ತಾ ಲೆಕ್ಕ ಹಾಕಿ, “ಜಸ್ಟ್ ನಾರ್ತ್, ಅಮ್ಮಿ,” ಅಂದಳು. ಭೂಮಿಯ ನೆತ್ತಿಯ ಮೇಲೆ ಹಾದು ಆಚೆ ಬದಿಗೆ ಇಳಿದರೆ ಮಕ್ಕಾವಂತೆ. ಮೈಸೂರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಮಾಜು ಕಲಿತ ನಿಗಾರ್‌ಗೆ ಇದು ಬಹಳ ಹಿಡಿಸಿತು.

ನೋಡೋರೇ ಇಲ್ಲದ ಆ ದಂಡೆಯಲ್ಲಾದರೂ ಗಂಡ ಮುಂದೆ ನಿಂತಾನು ಅನ್ನಿಸಿ, ಸ್ಕೂಲಿಗೆ ರಜೆ ಬಂದೊಡನೆ ಹೊರಡೋದು ಅಂತ ಸಾರಿಬಿಟ್ಟಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು. ಚಳಿ ಬೇಕಾದರೆ ನನ್ನ ಅಂಗಡಿಯಲ್ಲೇ ಬಾಗಿಲು ತೆಗೆದರೆ ಸಿಗುತ್ತಲ್ಲ, ಅದಕ್ಕೆ ಟಿಕೆಟ್ ಯಾಕೆ ಅಂದ ಹನೀಫ್. ರಸ್ತೆ ಮುಗಿಯುವ ಊರಿನ ಹೆಸರು ಡೆಡ್‌ಹಾರ್ಸ್ ಅಂತ ತಿಳಿದ ಮೇಲಂತೂ, ಸತ್ತ ಕುದುರೆ ಅನ್ನೋ ಊರಿಗೆ ಬುದ್ಧಿ ಇರೋರು ಹೋಗ್ತಾರಾ ಅಂತ ತಲೆ ಚಚ್ಚಿಕೊಂಡ. ಟಾಂಗಾದವರ ಮಗಳಿಗೆ ಕುದುರೆಯ ಹೆದರಿಕೆ ತೋರಿಸಬೇಡಿ ಅಂದಳು ಇವಳು. ಹೆಂಡತಿ ಒಬ್ಬಳೇ ಹೊರಟುಬಿಡುವ ಜಾತಿ ಅಂತ ಅವನಿಗೆ ಗೊತ್ತಿತ್ತು, ಹಾಗಾಗಿ ತಾನೂ ಸೂಟ್‌ಕೇಸ್ ತುಂಬಿದ. ಗೆಳೆಯ ರುದ್ರಪ್ಪ ಬಾಗಲಕೋಟೆಯ ಕಡೆಯವನು. ಅವನ ಹೆಂಡತಿ ನೀಲಾ ಒಂದು ಕಟ್ಟು ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು.

ರಸ್ತೆ ಮುಗಿಯುವ ಕಡೆ ಸಮುದ್ರದ ದಂಡೆಗೆ ನಮ್ಮ ಕಾರು ಬಿಡುವುದಿಲ್ಲ. ಎಣ್ಣೆ ಬಾವಿಗಳ ನಡುವೆ ಹೋಗಬೇಕು, ಕಾವಲಿದೆ, ಅವರದೇ ಬಸ್ಸು, ಹೆಸರು ಮೊದಲೇ ಫೋನಿನಲ್ಲಿ ಕೊಟ್ಟಿರಬೇಕು. ಆ ಫೋನು ಮಾಡಿದ್ದು ಹನೀಫ್.

ಲಾಸ್ ಏಂಜಲೀಸ್ ಏರ್‌ಪೋರ್ಟಿನಲ್ಲಿ ಅವನನ್ನು ಪಕ್ಕಕ್ಕೆ ಕರೆದು ಇನ್ನೊಂದು ಸಲ ತಡಕಿದರು. ಅದು ಆಗಲೇ ಮಾಮೂಲಾಗಿತ್ತು. ಫೇರ್‌ಬ್ಯಾಂಕ್ಸ್‌ನಲ್ಲಿ ಇಳಿದು, ಜಲ್ಲಿ ರಸ್ತೆಗೆ ತಡೆಯುವ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು, ನಿಗಾರ್ ಸ್ಟೀರಿಂಗ್ ಹಿಂದೆ ಕೂತಳು. ಎರಡು ದಿನದ ದಾರಿ. ಎದುರಿನಿಂದ ಲಾರಿ ಬಂದರೆ ಕಲ್ಲಿನ ಮಳೆ. ಪಕ್ಕದಲ್ಲೇ ಎಣ್ಣೆಯ ಕೊಳವೆ, ಬೆಟ್ಟ ಹತ್ತಿದರೆ ತಾನೂ ಹತ್ತಿ, ಇಳಿದರೆ ತಾನೂ ಇಳಿದು ಜೊತೆಗೇ ಬರುತ್ತಿತ್ತು. ಮರಗಳು ಮೊದಲು ಆಳೆತ್ತರ, ಆಮೇಲೆ ಸೊಂಟದೆತ್ತರ, ಆಮೇಲೆ ಇಲ್ಲವೇ ಇಲ್ಲ. ಘಾಟಿ ದಾಟಿದ ಮೇಲೆ ನೆಲ ಬಿಚ್ಚಿಕೊಂಡಿತು. ಕಣ್ಣು ಎಟುಕುವವರೆಗೂ ಕಂದು ಹುಲ್ಲು, ನಡುನಡುವೆ ಇನ್ನೂ ಕರಗದ ಮಂಜುಗಡ್ಡೆಯ ಕೆರೆಗಳು. ಗಾಡಿ ನಿಲ್ಲಿಸಿ ಇಳಿದರೆ ಕಾಲಡಿ ನೆಲ ನೆನೆದ ಹಾಸಿಗೆಯ ಹಾಗೆ ಕುಸಿಯುತ್ತಿತ್ತು, ಸೊಳ್ಳೆಗಳು ಮುಖಕ್ಕೆ ಮುತ್ತುತ್ತಿದ್ದವು, ಗಾಳಿ ಬಂದರೆ ಸೊಳ್ಳೆ ಹೋಗಿ ಮೂಳೆಯೊಳಗೆ ಚಳಿ. ಸೂರ್ಯ ಮುಳುಗುವ ಯೋಚನೆಯೇ ಇಲ್ಲದೆ ಗಾಣದ ಎತ್ತಿನ ಹಾಗೆ ಆಕಾಶದ ಅಂಚಿನಲ್ಲೇ ಸುತ್ತುತ್ತಿದ್ದ.

ಒಂದು ಕಡೆ ಕೊಂಬಿನ ಜಿಂಕೆಗಳ ಹಿಂಡು ರಸ್ತೆ ದಾಟಿತು. ಒಂದಾದರೂ ತಲೆಯೆತ್ತಿ ಇವರನ್ನು ನೋಡಲಿಲ್ಲ. ನಿಗಾರ್ ಎಂಜಿನ್ ಆಫ್ ಮಾಡಿ ನೋಡುತ್ತಾ ಕೂತಳು. ಇಷ್ಟು ದೊಡ್ಡ ಜಾಗ ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆದರೆ ಅವಳಿಗೆ ಹಿಡಿಸಿದ್ದು ದೊಡ್ಡದಾಗಿದ್ದದ್ದಲ್ಲ. ಈ ಬಯಲು ಯಾರನ್ನೂ ನೀನ್ಯಾರು, ಯಾವ ಊರು, ತಲೆ ಮೇಲೆ ಬಟ್ಟೆ ಯಾಕೆ ಅಂತ ಕೇಳುತ್ತಿರಲಿಲ್ಲ. ಮೂರು ವರ್ಷದಿಂದ ಹಿಡಿದಿಟ್ಟಿದ್ದ ಉಸಿರೊಂದನ್ನು ಬಿಟ್ಟ ಹಾಗಾಯಿತು. ಪಕ್ಕದಲ್ಲಿ ಹನೀಫ್ ರೊಟ್ಟಿ ಮುರಿದು ಚಟ್ನಿಪುಡಿ ಒತ್ತಿಕೊಂಡು ತಿನ್ನುತ್ತಿದ್ದ. ಅವನ ಮುಖವೂ ಸ್ವಲ್ಪ ಸಡಿಲವಾಗಿತ್ತು. ಇಳಿದು ಇಲ್ಲೇ ನಮಾಜು ಮಾಡೋಣ ಅಂದರೆ ಮಾತ್ರ, ಲಾರಿಯವರು ನೋಡ್ತಾರೆ ಅಂತ ಸೀಟಿನಲ್ಲೇ ಕೂತು ಮುಗಿಸಿದ.

ಡೆಡ್‌ಹಾರ್ಸ್‌ನಲ್ಲಿ ಊರೂ ಇಲ್ಲ, ಕುದುರೆಯೂ ಇಲ್ಲ. ಕೆಸರು, ತಗಡಿನ ಶೆಡ್ಡುಗಳು, ಮಂಜು. ಮಧ್ಯಾಹ್ನದ ಬಸ್ಸಿಗೆ ಒಟ್ಟು ಹತ್ತು ಜನ. ಕಾವಲಿನವನು ಎಲ್ಲರ ಲೈಸೆನ್ಸ್ ನೋಡುತ್ತಾ ಬಂದು ಹನೀಫನ ಹತ್ತಿರ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವನ ಕೈ ಆಗಲೇ ಜೇಬಿನ ಮೇಲಿನ ಹೆಸರನ್ನು ಮುಚ್ಚಿತ್ತು. ಲೈಸೆನ್ಸಿನಲ್ಲಿ ಹನೀಫ್. ಫೋನಿನಲ್ಲಿ ಕೊಟ್ಟ ಹೆಸರು ಹ್ಯಾನ್. ಕಾವಲಿನವನು ಕೆಳಗಿಳಿಯಲು ಹೇಳಿದ.

ಅಯ್ಯೋ ಬುದ್ಧಿಗೇಡಿ ಗಂಡಸೇ, ಅಂದುಕೊಂಡಳು ನಿಗಾರ್. ಯಾರ ಕಣ್ಣಿಗೂ ಬೀಳಬಾರದು ಅಂತ ಕತ್ತರಿಸಿಕೊಂಡ ಹೆಸರೇ ಅವನನ್ನು ಹತ್ತು ಜನರ ಮುಂದೆ ಇಳಿಸಿತ್ತು. ಅವಳನ್ನು ಯಾರೂ ಇಳಿ ಅನ್ನಲಿಲ್ಲ. ಅವಳ ಹೆಸರು ಸರಿಯಾಗಿತ್ತು, ಬೇಕಾದರೆ ಅವಳು ಹೋಗಬಹುದು ಅಂದ ಕಾವಲಿನವನು. ಅವಳು ಕೈಯಲ್ಲಿ ಚಾಪೆಗಳ ಸುರುಳಿ ಹಿಡಿದು ಇಳಿದು ಗಂಡನ ಪಕ್ಕ ನಿಂತಳು. ಕೋಪ ಗಂಟಲವರೆಗೆ ಬಂದಿತ್ತು. ಆದರೂ ಅವನ ಪರವಾಗಿ ತಾನು ಬಾಯಿ ತೆರೆಯಬಾರದು ಅಂತ ನಿರ್ಧಾರ ಮಾಡಿದಳು. ಅವಳಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಈ ಹ್ಯಾನ್ ಯಾರು ಅಂತ ಕೇಳಿದ ಕಾವಲಿನವನು. ಹನೀಫ್ ನೆಲ ನೋಡಿದ, ಹೆಂಡತಿಯನ್ನು ನೋಡಿದ.

“ಹ್ಯಾನ್ ಅಂತ ಯಾರೂ ಇಲ್ಲ. ನಾನು ಹನೀಫ್. ಹೆದರಿಕೊಂಡು ಆ ಹೆಸರು ಕೊಟ್ಟೆ.”

“ಯಾರಿಗೆ ಹೆದರಿ?”

“ನಿಮಗೇ,” ಅಂದ ಹನೀಫ್.

ಕಾವಲಿನವನಿಗೆ ಏನನ್ನಿಸಿತೋ. ಗೂಡಿನೊಳಗೆ ಹೋಗಿ ಫೋನ್ ಮಾಡಿದ. ಬಸ್ಸಿನಲ್ಲಿ ಒಬ್ಬರು ತಡವಾಗುತ್ತೆ ಅಂತ ಗೊಣಗಿದರು. ಗೊಣಗಲಿ. ಕಡೆಗೆ ಕಾವಲಿನವನು ಬಂದು ಲೈಸೆನ್ಸ್ ವಾಪಸ್ಸು ಕೊಟ್ಟು, ಮುಂದಿನ ಸಲ ಕಾರ್ಡಿನಲ್ಲಿರುವ ಹೆಸರೇ ಕೊಡಿ, ನನಗೂ ಕೆಲಸ ಕಡಿಮೆ ಅಂದ. ಅಷ್ಟೇ.

ಸಮುದ್ರ ಅಂದರೆ ಅಲೆ ಅಂದುಕೊಂಡಿದ್ದಳು ನಿಗಾರ್. ಇಲ್ಲಿ ಅಲೆ ಇರಲಿಲ್ಲ. ದಂಡೆಗೆ ಒಂದಿಷ್ಟು ಕಪ್ಪು ನೀರು, ಅದರಾಚೆ ಬಿಳಿ ಮಂಜುಗಡ್ಡೆ, ಅದರಾಚೆ ಬಿಳಿ ಆಕಾಶ, ಎರಡರ ನಡುವೆ ಗೆರೆ ಎಲ್ಲಿದೆ ಅಂತ ಹೇಳೋಕಾಗುತ್ತಿರಲಿಲ್ಲ. ಆ ನೀರಿನಲ್ಲೇ ಕೈ ಮುಖ ತೊಳೆದಳು. ಬೆರಳು ಕಿತ್ತು ಬಿದ್ದ ಹಾಗಾಯಿತು. ಮಸುಕು ಸೂರ್ಯ ಬೆನ್ನಿಗಿದ್ದ, ಹಾಗಾದರೆ ಎದುರಿಗೇ ಉತ್ತರ. ಗಾಳಿಗೆ ಹಾರದಂತೆ ಚಾಪೆಗಳ ಮೂಲೆಗೆ ಕಲ್ಲಿಟ್ಟಳು, ಮೊದಲು ತನ್ನದು, ಅದರ ಮುಂದೆ ಇನ್ನೊಂದು. ಬನ್ನಿ ಅಂತ ಕರೆಯಲಿಲ್ಲ. ಮುಂದಿನ ಚಾಪೆ ನೋಡುತ್ತಾ ನಿಂತಳು. ಬರದಿದ್ದರೆ ಒಬ್ಬಳೇ ಮಾಡಿ ಎದ್ದುಬಿಡುತ್ತೇನೆ, ಆದರೆ ಆ ಚಾಪೆ ಮಾತ್ರ ಮಡಚೋದಿಲ್ಲ, ಇಲ್ಲೇ ಬಿಟ್ಟುಹೋಗ್ತೀನಿ ಅಂತ ಮನಸ್ಸಿನಲ್ಲೇ ಹಟ ಕಟ್ಟಿದಳು.

ಹಿಂದೆ ಜಲ್ಲಿಯ ಸದ್ದಾಯಿತು. ಒದ್ದೆ ಕೈ ಅಲ್ಲಾಡಿಸಿಕೊಂಡು ಹನೀಫ್ ಅವಳನ್ನು ದಾಟಿ ಹೋಗಿ ಮುಂದೆ ನಿಂತ. ಅಜಾನ್ ಕೊಡಲಿಲ್ಲ. ಅಲ್ಲಾಹು ಅಕ್ಬರ್ ಅಂತ ತಕ್ಬೀರ್ ಹೇಳಿದ್ದು ಎಷ್ಟು ಮೆತ್ತಗೆ ಅಂದರೆ ಹಿಂದಿದ್ದವಳಿಗೇ ಗಾಳಿಯಲ್ಲಿ ಅರ್ಧ ಕೇಳಿಸಿತು. ಪ್ರಯಾಣದ ಮೊಟಕು ನಮಾಜು, ಬೇಗ ಮುಗಿಯಿತು. ಬಸ್ಸಿನವರು ಕಾಯುತ್ತಿದ್ದರು. ಒಬ್ಬ ಮುದುಕಿ ಅವರಿಬ್ಬರಿಗೂ ಥರ್ಮಾಸಿನಿಂದ ಕಾಫಿ ಕೊಟ್ಟಳು. ನಿಗಾರ್ ಅತ್ತಳು, ಬಹಿರಂಗವಾಗಿಯೇ ಅತ್ತಳು. ಕೇಳಿದವರಿಗೆ ಗಾಳಿ ಅಂದಳು.

ಪೊವೇಗೆ ವಾಪಸ್ಸು ಬಂದ ಮೇಲೆ ಇದನ್ನೆಲ್ಲ ಹೇಳಿದರೆ ರುದ್ರಪ್ಪ ನಕ್ಕುಬಿಟ್ಟ. “ಅಕ್ಕಾರ, ಅಲ್ಲಿ ನೋಡಾಕ ಯಾರದಾರ? ಹಿಮ, ಕರಡಿ. ಅಲ್ಲಿ ನಾನೂ ಹುಲೀನ.” ಹೊಟ್ಟೆಯಲ್ಲಿ ವಿಷವಿಲ್ಲದ ಮನುಷ್ಯ, ತಮಾಷೆಗೇ ಅಂದದ್ದು. ನಿಗಾರ್ ಉರಿದುಬಿದ್ದಳು. ಹನೀಫ್ ಮಾತ್ರ ಟೀ ಲೋಟ ತಿರುಗಿಸುತ್ತಾ ಕೂತಿದ್ದ.

ಭಾನುವಾರ ಸಂಜೆ ಅವನು ಕಾರಿನ ಕೀ ತೆಗೆದುಕೊಂಡ. ಅವಳೂ ಹೋಗಿ ಪಕ್ಕದ ಸೀಟಿನಲ್ಲಿ ಕೂತಳು. ಕಾರ್ಲ್ಸ್‌ಬಾಡ್ ಬೀಚು ಜುಲೈ ತಿಂಗಳ ಜನದಿಂದ ತುಂಬಿ ತುಳುಕುತ್ತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಹನೀಫ್ ಡಿಕ್ಕಿ ತೆಗೆದು ಚಾಪೆಗಳನ್ನು ತಾನೇ ಹೊತ್ತು ತಂದ. ಅವುಗಳ ಅಂಚಿನಲ್ಲಿ ಇನ್ನೂ ಡೆಡ್‌ಹಾರ್ಸಿನ ಬೂದು ಕೆಸರು ಒಣಗಿ ಅಂಟಿತ್ತು. ಒಂದನ್ನು ಹಿಂದೆ ಹಾಸಿದ, ಒಂದನ್ನು ಮುಂದೆ.

ಹತ್ತಿರದ ಛತ್ರಿಯ ಕೆಳಗೆ ಕೂತಿದ್ದ ಒಬ್ಬ ಮನುಷ್ಯ ಎದ್ದು ನಿಂತು ಇವರನ್ನು ನೋಡಿದ. ಚಡ್ಡಿ ಜೇಬಿನಿಂದ ಮೊಬೈಲ್ ತೆಗೆದ. ಎರಡು ವರ್ಷ ಗಂಡನನ್ನು ಹೇಡಿ ಅಂದ ನಿಗಾರ್ ಬಾಯಿಗೆ, ಸುಳ್ಳು ಯಾಕೆ ಹೇಳಬೇಕು, ಬೇಡ ಬನ್ನಿ ಹೋಗೋಣ ಅನ್ನೋ ಮಾತೇ ಬಂತು. ಹಲ್ಲು ಕಚ್ಚಿ ಅದನ್ನು ನುಂಗಿದಳು.

ಹನೀಫ್ ಕೂಡ ಆ ಮೊಬೈಲನ್ನು ನೋಡಿದ. ನೋಡಿ, ಎರಡು ಹೆಜ್ಜೆ ಮುಂದೆ ಹೋಗಿ ನಿಂತು, ಕಿವಿಗೆ ಕೈಯಿಟ್ಟು, ಅಲೆಗಳಾಚೆಗೂ ಕೇಳುವ ಹಾಗೆ ಅಜಾನ್ ಕೊಟ್ಟ.