ಖಾಲಿ ರೈಫಲ್
ಜಿಂಕೆ ಬೇಟೆಯ ಕಾಲ ಬಂತೆಂದರೆ, ಮೊಂಟಾನಾದ ಆ ಪುಟ್ಟ ಊರಿನಲ್ಲಿ ಹೊಸ ರೈಫಲ್ ಕೊಂಡವರೆಲ್ಲ ಅದನ್ನು ಬಿಚ್ಚಿಸಿ ಒರೆಸಿಕೊಳ್ಳಲು ಹಾಲ್ವರ್ ಮುದುಕನ ಅಡುಗೆಮನೆಗೇ ಬರಬೇಕು, ಬಂದವರು ಬೈಸಿಕೊಂಡೇ ಹೋಗಬೇಕು. ಈ ಸಲ ಪಕ್ಕದ ಮನೆಯ ಡ್ವೇನ್ ತನ್ನ ಹೊಚ್ಚ ಹೊಸ ಸೆಮಿ-ಆಟೊಮ್ಯಾಟಿಕ್ ರೈಫಲನ್ನು ಮೇಜಿನ ಮೇಲಿಟ್ಟು, "ಖಾಲಿ ಇದೆ, ಅಂಗಡಿಯವನೇ ನೋಡಿ ಕೊಟ್ಟಿದ್ದಾನೆ" ಅಂದದ್ದೇ ತಪ್ಪಾಯಿತು. "ಖಾಲಿ ಅನ್ನೋಕೆ ಅವನ್ಯಾವನೋ? ನೀನು ನೋಡಿದ್ಯಾ?" ಎಂದು ಹರಿಹಾಯ್ದ ಹಾಲ್ವರ್ ಗುಂಡು ತುಂಬುವ ಮ್ಯಾಗಜೀನ್ ಕಿತ್ತಿಟ್ಟು, ಗುಂಡು ಕೂರುವ ಗೂಡಿಗೆ ಕಿರುಬೆರಳು ತೂರಿಸಿ ನೋಡಿದ, ಒಂದಲ್ಲ, ಮೂರು ಸಲ. ಆಮೇಲೆ ಒಂದೊಂದೇ ಭಾಗ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಕೇಕಿನ ತಟ್ಟೆಯಲ್ಲಿ ಸಾಲಾಗಿಟ್ಟ. "ಕಾರ್ಖಾನೆ ಗ್ರೀಸು ಒರೆಸ್ದೆ ಹಿಮಕ್ಕೆ ಹೋಗ್ತಿದ್ಯಲ್ಲೋ, ಮೇಣದ ಹಾಗೆ ಗಟ್ಟಿಯಾಗಿ ಎರಡನೇ ಗುಂಡಿಗೇ ಕಚ್ಕೊಳ್ತಿತ್ತು! ದುಡ್ಡು ಕೊಟ್ರೆ ಬುದ್ಧೀನೂ ಪೆಟ್ಟಿಗೇಲೇ ಬರುತ್ತೆ ಅನ್ಕೊಂಡ್ಯಾ?" ಡ್ವೇನ್ ಎಣ್ಣೆ ಒಂದು ತೊಟ್ಟು ಹೆಚ್ಚು ಬಿಟ್ಟದ್ದಕ್ಕೆ, "ಇದೇನು ಮೀನು ಹುರಿಯೋ ಬಾಣಲೇನಾ?" ಎಂಬ ಗುಡುಗು ಬೇರೆ. ಬೈಗುಳ ತಾಳಲಾರದೆ ಡ್ವೇನ್ ಗೋಡೆಯತ್ತ ತಿರುಗಿದ. ಅಲ್ಲಿ ಮೂವತ್ತೈದು ವರ್ಷ ಹಳೆಯ ಕ್ಯಾಲೆಂಡರ್ ತೂಗುತ್ತಿತ್ತು. ಮುದುಕನ ಜಿಪುಣತನವೆಂದು ಊರೆಲ್ಲ ನಗುವ ಕ್ಯಾಲೆಂಡರ್ ಅದು. ಸುಮ್ಮನೆ ಸರಿಸಿ ನೋಡಿದರೆ ಹಿಂದೆ, ಕುರ್ಚಿಯಲ್ಲಿ ಕೂತವರ ತಲೆಯ ಎತ್ತರಕ್ಕೆ, ಒಂದು ಗುಂಡಿನ ತೂತು. ಹಾಲ್ವರ್ ತಟ್ಟೆಯಿಂದ ಮುಂದಿನ ಭಾಗ ಎತ್ತಿಕೊಂಡು ಒರೆಸತೊಡಗಿದ. ಒಲೆಯ ಮುಂದಿದ್ದ ಅವನ ಹೆಂಡತಿ ಆರ್ಡಿಸ್ ತಿರುಗದೆಯೇ ಹೇಳಿದಳು: "ಆ ಕುರ್ಚೀಲಿ ನಾನು ಕೂತಿದ್ದೆ ಕಣಪ್ಪ, ಕಾಫಿ ಉಕ್ತು ಅಂತ ಎದ್ದೆ. ಅವತ್ತು ಖಾಲಿ ಅಂದಿದ್ದು ಇವರೇ."