ಹದಿಮೂರು ಸಿದ್ದಗಂಗಮ್ಮಂದಿರು

ತುಮಕೂರು ಸೀಮೆಯಲ್ಲಿ ಸಿದ್ದಗಂಗಮ್ಮ ಅಂತ ಕೂಗಿದರೆ ಬೀದಿಗೆ ಇಬ್ಬರಾದರೂ ತಿರುಗಿ ನೋಡುತ್ತಾರೆ. ಗುಬ್ಬಿಯ ಗಂಗಹನುಮಯ್ಯನವರೂ ಬೆಟ್ಟಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳಿಗೆ ಅದೇ ಹೆಸರಿಟ್ಟರು.

ತೋಟದಲ್ಲಿ ಉದುರಿದ ತೆಂಗಿನ ಹೀಚುಗಳನ್ನು ಕಲ್ಲುಕಂಬಕ್ಕೆ ಗುರಿಯಿಟ್ಟು ಬೀಸಿ ಬೀಸಿ ಅವಳ ಕೈ ಪಳಗಿತು. ತುಮಕೂರಿನ ಕಾಲೇಜಿಗೆ ಬಂದವಳು ಹುಡುಗಿಯರ ಕ್ರಿಕೆಟ್ ಕ್ಲಬ್ಬು ಸೇರಿದಳು. ೧೯೭೭ರಲ್ಲಿ ದೇಶದ ತಂಡದ ಜೊತೆ ಕಡಲು ದಾಟಿ, ಎರಡು ಪಂದ್ಯದಲ್ಲಿ ಐದು ವಿಕೆಟ್ ಕಿತ್ತು ಬಂದಳು.

ಮರುವರ್ಷ ಕರೆ ಬರಲೇ ಇಲ್ಲ. ತಂಡ ಹೊರಟುಹೋದ ಮೇಲೆ, ಅವಳ ಜಾಗಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಆಂಜನಪ್ಪನ ಅಣ್ಣನ ಮಗಳು ಹೋದದ್ದು ಗೊತ್ತಾಯಿತು. ನೇರ ಅವನ ಮುಂದೆ ಹೋಗಿ ನಿಂತಳು.

"ಕ್ಲಬ್ಬಿಗೆ ನನ್ನ ಆಯ್ಕೆ ಪತ್ರ ಬಂದಿತ್ತಾ ಸಾರ್?"

"ಬಂದಿತ್ತು ಕಣಮ್ಮ, ಆವಾಗ್ಲೇ ಪೋಸ್ಟ್ ಮಾಡ್ದೆ. ಮನೆಗೊಬ್ಳು ಸಿದ್ದಗಂಗಮ್ಮ ಇದಾಳೆ ಈ ಸೀಮೇಲಿ. ಯಾವಳಿಗೆ ಹೋಯ್ತೋ ನಾನೇನ್ ಕಂಡೆ?" ಎಂದು ನಕ್ಕುಬಿಟ್ಟ.

ಆರು ತಿಂಗಳಾದ ಮೇಲೆ ಕುಣಿಗಲ್ಲಿನ ಸೂಲಗಿತ್ತಿ ಸಿದ್ದಗಂಗಮ್ಮ ಬಸ್ಸು ಹತ್ತಿ ಗುಬ್ಬಿಗೆ ಬಂದು, ಲಕೋಟೆಯೊಂದನ್ನು ಅವಳ ಕೈಗಿಟ್ಟರು. ಓದು ಬಾರದ ಆಕೆ, ಸರ್ಕಾರದ ಕಾಗದವೆಂದು ದೇವರ ಪಟದ ಹಿಂದೆ ಇಟ್ಟಿದ್ದ ಆ ಆಯ್ಕೆ ಪತ್ರವನ್ನು ಈಗಷ್ಟೇ ಅಳಿಯ ಓದಿ ಹೇಳಿದ್ದ. ಲಕೋಟೆಯ ಮೇಲೆ ಟೈಪಾಗಿದ್ದ 'ಗುಬ್ಬಿ'ಯನ್ನು ಹೊಡೆದು, ಕೆಂಪು ಶಾಯಿಯಲ್ಲಿ 'ಕುಣಿಗಲ್' ಎಂದು ಬರೆದಿತ್ತು. ಆ ಅಕ್ಷರ ಆಂಜನಪ್ಪನದು.

ಊರಲ್ಲಿ ಮಾತ್ರ ಬೇರೆಯೇ ಸುದ್ದಿ. "ಪರದೇಶದೋರ್ನ ಕಂಡು ಹೆದ್ರಿ, ನಾನೊಲ್ಲೆ ಅಂದವ್ಳಂತೆ." ಈ ಮಾತನ್ನು ಹಬ್ಬಿಸಿದವನೂ ಅವನೇ. ಸಿದ್ದಗಂಗಮ್ಮ ಲಕೋಟೆಯನ್ನು ಪೆಟ್ಟಿಗೆಯಲ್ಲಿಟ್ಟಳು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಟೈಪಿಸ್ಟಾದಳು. ಪ್ರತಿ ಸೋಮವಾರ ಬೆಟ್ಟ ಹತ್ತುತ್ತಿದ್ದಳು. ನೆಮ್ಮದಿ ಕೊಡು ಎಂದು ಒಂದು ದಿನವೂ ಬೇಡಲಿಲ್ಲ. "ಅವನ ಬಾಯಿಂದಲೇ ಹೇಳಿಸು," ಇಷ್ಟೇ. ಎಂಟು ವರ್ಷ ಇದನ್ನೇ ಕೇಳಿದಳು.

೧೯೮೬ರಲ್ಲಿ ಆಂಜನಪ್ಪನೇ ಮನೆ ಬಾಗಿಲಿಗೆ ಬಂದ. ಈಗ ಅವನು ಕ್ಲಬ್ಬಿನ ಅಧ್ಯಕ್ಷ. ಟೂರ್ನಮೆಂಟಿನ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಅವಳು ಮೊದಲ ಬಾಲ್ ಹಾಕಬೇಕು, ಅವನು ಆಡಬೇಕು, ಪೇಪರಿನವರು ಫೋಟೋ ತೆಗೆಯಬೇಕು.

"ಬರ್ತೀನಿ ಸಾರ್. ಮೈಕಲ್ಲಿ ಹೆಸರಿಡಿದು ಕರೀರಿ, ಸಾಕು."

ಆ ದಿನ ಮೈದಾನ ತುಂಬಿತ್ತು. "ಅಂತಾರಾಷ್ಟ್ರೀಯ ಆಟಗಾರ್ತಿ ಸಿದ್ದಗಂಗಮ್ಮನವರು ವೇದಿಕೆಗೆ ಬರಬೇಕು," ಎಂದ ಆಂಜನಪ್ಪ. ಹೆಂಗಸರ ಸಾಲಿನಿಂದ ಹದಿಮೂರು ಜನ ಎದ್ದರು. ಕುಣಿಗಲ್ಲಿನ ಸೂಲಗಿತ್ತಿ, ಗುಬ್ಬಿಯ ಹೂವಾಡಗಿತ್ತಿ, ಮಜ್ಜಿಗೆ ಮಾರುವ ಮುದುಕಿ, ಎಲ್ಲರೂ ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದರು. ಕೊನೆಯವಳು ನಮ್ಮ ಸಿದ್ದಗಂಗಮ್ಮ.

"ಏನ್ರೀ ಇದು?" ಎಂದರು ಮಂತ್ರಿಗಳು.

"ನಾವೆಲ್ಲ ಸಿದ್ದಗಂಗಮ್ಮಂದಿರೇ ಸ್ವಾಮಿ," ಎಂದರು ಸೂಲಗಿತ್ತಿ. "ಯಾವಳ್ನ ಕರೆದ್ರೋ ಅವರನ್ನೇ ಕೇಳಿ."

ಜನ ಗೊಳ್ಳೆಂದರು. ಆಂಜನಪ್ಪ ಮೈಕಿಗೆ ಕೈ ಅಡ್ಡ ಹಿಡಿದು, ಕೊನೆಯವಳತ್ತ ಬಾಗಿ ಪಿಸುಗುಟ್ಟಿದ, "ಮರ್ಯಾದೆ ಉಳಿಸಮ್ಮ."

ಅವಳು ಲಕೋಟೆ ತೆಗೆದು, ಕೆಂಪು ಶಾಯಿ ಕಾಣುವಂತೆ ಅವನ ಮುಂದೆ ಹಿಡಿದಳು. "ನಾನು ಯಾವ ಸಿದ್ದಗಂಗಮ್ಮ ಅಂತ ನೀವೇ ಗುರುತು ಹೇಳಿ ಸಾರ್. ಇಲ್ದಿದ್ರೆ ಮಂತ್ರಿಗಳೇ ಇದನ್ನ ಓದ್ಲಿ."

ಅವನು ಲಕೋಟೆ ನೋಡಿದ, ಮಂತ್ರಿಗಳನ್ನು ನೋಡಿದ. ಮೈಕಿನ ಮೇಲಿನ ಕೈ ಸರಿಸಿದ.

"ಇವರು... ಎಪ್ಪತ್ತೆಂಟರಲ್ಲಿ ಆಯ್ಕೆ ಆಗಿದ್ದೋರು. ಹೆದರಿ ಬಿಟ್ಟೋರಲ್ಲ. ಇವರ ಪತ್ರಾನ ನಾನೇ ಬೇರೆ ಊರಿಗೆ ಕಳಿಸ್ದೆ."

ಗುಬ್ಬಿಯಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಣೆ ಒರೆಸಿಕೊಳ್ಳುತ್ತ ಆಂಜನಪ್ಪ ಬಾಲ್ ಚಾಚಿದ. "ಆಯ್ತಲ್ಲಮ್ಮ, ಈಗಾದ್ರೂ ಹಾಕು."

ಅವಳು ಬಾಲ್ ತೆಗೆದುಕೊಂಡಳು. ಬೆರಳುಗಳು ತಾವಾಗಿಯೇ ಹೊಲಿಗೆಯ ಮೇಲೆ ಕೂತವು. ಆದರೂ ಅದನ್ನು ಮಜ್ಜಿಗೆಯ ಮುದುಕಿಯ ಕೈಗಿಟ್ಟಳು.

"ಇವ್ರೂ ಸಿದ್ದಗಂಗಮ್ಮನೇ ಸಾರ್. ಇವರೇ ಹಾಕ್ತಾರೆ, ಬ್ಯಾಟ್ ಹಿಡ್ಕೊಂಡು ನಿಂತ್ಕೊಳಿ."